ರೊಟ್ಟಿ ಅಗಿದರೆ ಸಿಹಿ, ಪುಡಿ ನೆಕ್ಕಿದರೆ ಸಪ್ಪೆ

ಜೋಳದ ರೊಟ್ಟಿಯ ಒಂದು ತುಂಡನ್ನು ಪಲ್ಯ ಹಚ್ಚದೆ ಬಾಯಲ್ಲಿಟ್ಟು ಸುಮ್ನೆ ಎರಡು ನಿಮಿಷ ಅಗಿದು ನೋಡಿ. ನಿಧಾನಕ್ಕೆ ಸಿಹಿ ಹತ್ತುತ್ತದೆ. ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಹಿಟ್ಟಿಗೆ ಎಸರು ಹೊಯ್ದಾಗಲೇ ಅದು ಉಬ್ಬಿ ಸಡಿಲವಾಗಿರುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅದನ್ನು ತುಂಡರಿಸುತ್ತದೆ. ಆ ಚಿಕ್ಕ ತುಣುಕುಗಳೇ ನಾಲಿಗೆಗೆ ಸಿಹಿ.

ಪ್ಯಾಕೆಟ್ ತಿನಿಸುಗಳಿಗೆ ಹಾಕುವ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಬಿಳಿ ಪುಡಿ ತಯಾರಾಗುವುದೂ ಹೀಗೇ, ಆದರೆ ಕಾರ್ಖಾನೆಯ ಟ್ಯಾಂಕಿನಲ್ಲಿ. ಮೆಕ್ಕೆಜೋಳ, ಅಕ್ಕಿ, ಆಲೂಗಡ್ಡೆ, ಯಾವುದರ ಪಿಷ್ಟವಾದರೂ ಆದೀತು. ಕಿಣ್ವ ಅಥವಾ ಆಮ್ಲ ಹಾಕಿ ಸರ ಕತ್ತರಿಸುತ್ತಾರೆ, ಅರ್ಧಕ್ಕೇ ನಿಲ್ಲಿಸಿ ಒಣಗಿಸುತ್ತಾರೆ. ಎಷ್ಟು ಕತ್ತರಿಸಿದೆ ಅನ್ನುವುದಕ್ಕೆ ಡಿ.ಇ. (ಡೆಕ್ಸ್‌ಟ್ರೋಸ್ ಈಕ್ವಿವಲೆಂಟ್) ಎಂಬ ಅಳತೆ ಇದೆ. ಪೂರ್ತಿ ಬಿಡಿಬಿಡಿಯಾದ ಗ್ಲೂಕೋಸಿಗೆ ಅದು 100, ಇದಕ್ಕೆ 20ಕ್ಕಿಂತ ಕಡಿಮೆ. ಅದಕ್ಕೇ ನಾಲಿಗೆಗೆ ಸಪ್ಪೆ.

ಸೂಪಿಗೆ ಮಂದ ಬರಲು, ಚಿಪ್ಸ್ ಮಸಾಲೆಯಲ್ಲಿ, ಹಣ್ಣಿನ ರಸವನ್ನು ಪುಡಿ ಮಾಡುವಾಗ ಅದು ಅಂಟಿಕೊಳ್ಳದಿರಲು ಈ ಬಿಳಿ ಪುಡಿ ಬೇಕು. ಜಿಮ್ ಹುಡುಗರ ಡಬ್ಬಿಗಳಲ್ಲೂ ಉಂಟು.

ಕಲಬುರಗಿಯ ನಮ್ಮ ಕಾಕಾಗೆ ಶುಗರ್ ಇದೆ. ಕಳೆದ ಬೇಸಿಗೆಯಲ್ಲಿ ಯಾರೋ ಒಂದು ಪಾನಕದ ಪುಡಿ ತಂದುಕೊಟ್ಟರು. ಡಬ್ಬಿಯ ಮುಂದೆ ‘ಸಕ್ಕರೆ ಸೇರಿಸಿಲ್ಲ’ ಎಂದು ದೊಡ್ಡ ಅಕ್ಷರ. “ಸಿಹೀನೇ ಇಲ್ಲ, ಇದರಾಗ ಏನದ?” ಅಂತ ದಿನಕ್ಕೆ ಮೂರು ಲೋಟ ಕುಡಿದರು. ವಾರದಲ್ಲಿ ಮೀಟರಿನ ಅಂಕಿ ಏರಿತು. ಹಿಂದೆ ತಿರುಗಿಸಿ ಓದಿದರೆ ಪಟ್ಟಿಯಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್!

ಡಬ್ಬಿಯ ಮಾತು ಸುಳ್ಳೇನಲ್ಲ. ಸಕ್ಕರೆ ಎಂದು ಲೆಕ್ಕಕ್ಕೆ ಬರುವುದು ಒಂದೆರಡು ಮಣಿಗಳ ತುಣುಕು ಮಾತ್ರ. ಇದರಲ್ಲಿ ಹೆಚ್ಚಿನವು ಅದಕ್ಕಿಂತ ಉದ್ದ. ಆದರೆ ಸಣ್ಣ ಕರುಳಿಗೆ ಆ ಲೆಕ್ಕ ಗೊತ್ತಿಲ್ಲ, ಅಲ್ವಾ? ಅಲ್ಲಿ ಸರ ಬೇಗ ಬಿಚ್ಚುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿಸುವ ವೇಗದಲ್ಲಿ ಇದು ಮನೆಯ ಸಕ್ಕರೆಯನ್ನೂ ಮೀರಿಸುತ್ತದೆ. ಗ್ರಾಂಗೆ 4 ಕ್ಯಾಲೊರಿ, ಸಕ್ಕರೆಯಷ್ಟೇ.

ಹಾಗಂತ ಇದು ವಿಷವಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಸುರಕ್ಷಿತ ಎಂದೇ ಗುರುತಿಸಿದೆ. ಮಸಾಲೆಯಲ್ಲಿ ಚಿಟಿಕೆ ಇದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕರುಳಿನ ಕೆಲವು ಬ್ಯಾಕ್ಟೀರಿಯಾ ಇದರಿಂದ ಕರುಳಿನ ಕೋಶಗಳಿಗೆ ಜಾಸ್ತಿ ಅಂಟಿಕೊಳ್ಳುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಹಾಗಾಗಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರು ವೈದ್ಯರನ್ನು ಕೇಳುವುದು ಮೇಲು.

ಪಟ್ಟಿಯಲ್ಲಿ ತೂಕ ಹೆಚ್ಚಿದ್ದದ್ದೇ ಮೊದಲು ಬರುತ್ತದೆ ಎಂದು ಕಾಕಾಗೆ ಹೇಳಿದೆ. ಈಗ ಅವರು ಅಂಗಡಿಯಲ್ಲಿ ಯಾವ ಡಬ್ಬಿ ಹಿಡಿದರೂ ಮೊದಲು ಬೆನ್ನು ನೋಡುತ್ತಾರೆ. ಚಷ್ಮಾ ಮರೆತ ದಿನ ಅಂಗಡಿಯವನೇ ಓದಿ ಹೇಳಬೇಕು.