ಪದ ಪರಿಚಯ: ಫೌಂಡೇಶನ್ ಪೇಪರ್ ಪೀಸಿಂಗ್

ಬಟ್ಟೆಯ ಚಿಕ್ಕ ಚಿಕ್ಕ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು ಚಿತ್ರ ಮೂಡಿಸುವ ವಿಧಾನಗಳಲ್ಲಿ ‘ಫೌಂಡೇಶನ್ ಪೇಪರ್ ಪೀಸಿಂಗ್’ ಒಂದು. ಹೆಸರಿನ ಮೂರು ಪದಗಳನ್ನು ಬಿಡಿಸಿ ನೋಡಿದರೆ ಕೆಲಸದ ಸ್ವರೂಪ ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ. ‘ಪೀಸಿಂಗ್’ ಎಂದರೆ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿಯುವುದು. ಒಂದು ಬಟ್ಟೆಯ ಮೇಲೆ ಇನ್ನೊಂದನ್ನು ಅಂಟಿಸಿದಂತೆ ಹೊಲಿಯುವ ಅಪ್ಲಿಕ್ ಕೆಲಸಕ್ಕೆ ಈ ಮಾತು ಸಲ್ಲುವುದಿಲ್ಲ. ‘ಪೇಪರ್’ ಎಂದರೆ ಇಲ್ಲಿ ಗೆರೆಗಳನ್ನೂ ಅಂಕಿಗಳನ್ನೂ ಮುದ್ರಿಸಿದ ತೆಳುವಾದ ಕಾಗದ. ‘ಫೌಂಡೇಶನ್’ ಎಂಬುದೇ ಈ ಹೆಸರಿನ ಜೀವ: ಆ ಕಾಗದ ಪಕ್ಕದಲ್ಲಿಟ್ಟು ನೋಡುವ ನಕ್ಷೆಯಲ್ಲ, ಅಳತೆ ತೆಗೆದುಕೊಂಡು ಬದಿಗಿಡುವ ಅಚ್ಚೂ ಅಲ್ಲ, ಹೊಲಿಗೆಯು ಅದರ ಮೈಮೇಲೆಯೇ, ಅದನ್ನು ತೂರಿಕೊಂಡೇ ನಡೆಯುತ್ತದೆ. ಕೆಲಸ ಮುಗಿದ ಬಳಿಕ ಹರಿದು ತೆಗೆಯುವ ತಾತ್ಕಾಲಿಕ ತಳಹದಿ ಅದು. ಕನ್ನಡದಲ್ಲಿ ಇದನ್ನು ‘ತಳಕಾಗದದ ಮೇಲಿನ ತುಂಡುಜೋಡಣೆ’ ಎನ್ನಬಹುದು. ಮುಂದೆ ಈ ಬರಹದಲ್ಲಿ ಕಾಗದವನ್ನು ತಳಕಾಗದ ಎಂದೇ ಕರೆಯುತ್ತೇನೆ.

ಹೆಸರು ಹತ್ತಿರವಿರುವುದರಿಂದ ಇದನ್ನು ‘ಇಂಗ್ಲಿಷ್ ಪೇಪರ್ ಪೀಸಿಂಗ್’ ಜೊತೆ ಬೆರೆಸುವವರು ಬಹಳ. ಅದು ಬೇರೆಯೇ ಕೆಲಸ. ಅಲ್ಲಿ ಷಟ್ಕೋನ ಮೊದಲಾದ ಆಕಾರದಲ್ಲಿ ಕತ್ತರಿಸಿದ ದಪ್ಪ ಕಾಗದದ ಪ್ರತಿಯೊಂದು ಚೂರಿಗೂ ಬಟ್ಟೆಯನ್ನು ಸುತ್ತಿ, ಅಂಚನ್ನು ಹಿಂದಕ್ಕೆ ಮಡಿಸಿ ಕಚ್ಚಾ ಹೊಲಿಗೆ ಹಾಕಿ, ಹಾಗೆ ಸಿದ್ಧವಾದ ಚೂರುಗಳ ಅಂಚುಗಳನ್ನು ಕೈಯಿಂದ ಹೊಲಿದು ಕೂಡಿಸುತ್ತಾರೆ. ಇಂಗ್ಲೆಂಡಿನ ಕ್ವಿಲ್ಟರ್ಸ್ ಗಿಲ್ಡ್ (ಕ್ವಿಲ್ಟ್, ಅಂದರೆ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ಮಾಡುವವರ ಸಂಘ) ಸಂಗ್ರಹದಲ್ಲಿ 1718ನೆಯ ಇಸವಿಯನ್ನು ಹೊಲಿದ ರೇಷ್ಮೆಯ ಹೊದಿಕೆಯೊಂದಿದ್ದು, ಅದನ್ನು ಹೊಲಿದದ್ದು ಹೀಗೆ ಕಾಗದದ ಅಚ್ಚುಗಳನ್ನು ಬಳಸಿಯೇ. ನಮ್ಮ ವಿಧಾನದ ವಂಶ ಇನ್ನೊಂದು ಕವಲಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ‘ಲಾಗ್ ಕ್ಯಾಬಿನ್’ ಎಂಬ ಪಟ್ಟಿಪಟ್ಟಿಯ ವಿನ್ಯಾಸವನ್ನೂ, 1880ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಜನಪ್ರಿಯವಾದ, ಅಡ್ಡಾದಿಡ್ಡಿ ಆಕಾರದ ತುಂಡುಗಳ ‘ಕ್ರೇಜಿ ಕ್ವಿಲ್ಟ್’ಗಳನ್ನೂ ಸಾದಾ ಬಟ್ಟೆಯೊಂದರ ಮೇಲೆ ತುಂಡುಗಳನ್ನು ಹೊಲಿಯುತ್ತ ಹೋಗಿ ಮಾಡುತ್ತಿದ್ದರು. ಆ ತಳಬಟ್ಟೆ ಒಳಗೇ ಉಳಿದುಬಿಡುತ್ತಿತ್ತು. ಬಟ್ಟೆಯ ಜಾಗಕ್ಕೆ ಕಾಗದ ಬಂದಾಗ ಅದನ್ನು ಕೊನೆಯಲ್ಲಿ ತೆಗೆದುಹಾಕುವುದು ಸಾಧ್ಯವಾಯಿತು.

ಈ ವಿಧಾನ ಹೊಸಬರಿಗೆ ಕಠಿಣ ಎಂಬ ಮಾತು ಹರಡಿದೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಸಾಮಾನ್ಯ ಜೋಡಣೆಯಲ್ಲಿ ಎರಡು ಕಡೆ ನಿಖರತೆ ಬೇಕು: ಬಟ್ಟೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು, ಆಮೇಲೆ ಅಂಚಿನಿಂದ ¼ ಇಂಚು, ಅಂದರೆ ಸುಮಾರು 6 ಮಿಲಿಮೀಟರ್, ಬಿಟ್ಟು ನೇರವಾಗಿ ಹೊಲಿಯಬೇಕು. ಹೊಲಿಗೆ ಕೇವಲ 1/16 ಇಂಚು ಒಳಕ್ಕೆ ಸರಿದರೂ ಎರಡೂ ತುಂಡುಗಳಿಂದ ಅಷ್ಟಷ್ಟು ಹೋಗಿ, ಒಂದೊಂದು ಹೊಲಿಗೆಗೆ 1/8 ಇಂಚು ನಷ್ಟವಾಗುತ್ತದೆ. 8 ಹೊಲಿಗೆಗಳಿರುವ ಒಂದು ಸಾಲಿನಲ್ಲಿ ಪೂರ್ತಿ 1 ಇಂಚು ಕಾಣೆಯಾಗುತ್ತದೆ. ವರ್ಷಗಟ್ಟಲೆ ಹೊಲಿದ ಕೈಗೆ ಈ ತಪ್ಪು ಆಗುವುದಿಲ್ಲ, ಹೊಸ ಕೈಗೆ ಆಗಿಯೇ ಆಗುತ್ತದೆ. ತಳಕಾಗದವಿದ್ದಾಗ ಅಳತೆಯ ಹೊಣೆಯೆಲ್ಲ ಮುದ್ರಿತ ಗೆರೆಯ ಮೇಲೆ ಬೀಳುತ್ತದೆ. ಬಟ್ಟೆಯ ತುಂಡು ಸೊಟ್ಟಗಿದ್ದರೂ, ಬೇಕಾದ್ದಕ್ಕಿಂತ ದೊಡ್ಡದಿದ್ದರೂ ಚಿಂತೆಯಿಲ್ಲ. ಸೂಜಿ ಗೆರೆಯ ಮೇಲೆ ನಡೆದರೆ ಸಾಕು. ಗೆರೆಯ ಮೇಲೆ ಹೊಲಿಯಬಲ್ಲವರು ಮೊದಲ ದಿನವೇ ಚೂಪಾದ ಮೊನೆಗಳನ್ನು ತರಬಲ್ಲರು. ಹೊಸಬರಿಗೆ ಕಷ್ಟವೆನಿಸುವುದು ಹೊಲಿಗೆಯಲ್ಲ, ಹಿಂದುಮುಂದಾಗಿ ಯೋಚಿಸುವ ಅಭ್ಯಾಸ. ಅದು ನಾಲ್ಕಾರು ತುಂಡುಗಳನ್ನು ಹೊಲಿಯುವಷ್ಟರಲ್ಲಿ ಕೈಗೆ ಹತ್ತುತ್ತದೆ.

ಆ ಹಿಂದುಮುಂದಿನ ವಿಷಯವನ್ನು ಬಿಡಿಸಿ ಹೇಳುವುದು ಅಗತ್ಯ. ಗೆರೆಗಳೂ ಅಂಕಿಗಳೂ ಕಾಗದದ ಒಂದು ಮುಖದಲ್ಲಿರುತ್ತವೆ. ಬಟ್ಟೆ ಕೂರುವುದು ಇನ್ನೊಂದು, ಖಾಲಿ ಮುಖದಲ್ಲಿ. ಹೊಲಿಯುವುದು ಮಾತ್ರ ಗೆರೆ ಕಾಣುವ ಮುಖದಿಂದ. ಮೊದಲು 1 ಎಂದು ಬರೆದ ಜಾಗದ ಹಿಂದೆ ಬಟ್ಟೆಯ ಒಳಮೈ ಕಾಗದಕ್ಕೆ ತಾಗುವಂತೆ, ಹೊರಮೈ ನಮಗೆ ಕಾಣುವಂತೆ ಒಂದು ತುಂಡನ್ನಿಟ್ಟು, ಬೆಳಕಿಗೆ ಹಿಡಿದು ನೋಡಿ, ಆ ಜಾಗದ ಎಲ್ಲ ಅಂಚುಗಳಿಂದಲೂ ಕನಿಷ್ಠ ¼ ಇಂಚು ಹೊರಚಾಚಿದೆ ಎಂದು ಖಚಿತಪಡಿಸಿಕೊಂಡು ಗುಂಡುಸೂಜಿ ಚುಚ್ಚಬೇಕು. ಎರಡನೆಯ ತುಂಡನ್ನು ಮೊದಲನೆಯದರ ಮೇಲೆ ಹೊರಮೈಗೆ ಹೊರಮೈ ತಾಗುವಂತೆ, 1 ಮತ್ತು 2ರ ನಡುವಿನ ಗೆರೆಯನ್ನು ದಾಟಿ ¼ ಇಂಚು ಎರಡನೆಯ ಜಾಗದೊಳಕ್ಕೆ ಬರುವಂತೆ ಇಡಬೇಕು. ಆಮೇಲೆ ಕಾಗದವನ್ನು ಮಗುಚಿ, ಆ ಗೆರೆಯ ಮೇಲೆಯೇ, ಗೆರೆಯ ತುದಿಗಳಿಗಿಂತ ಒಂದೆರಡು ಸ್ಟಿಚ್ ಆಚೀಚೆ ಹೋಗುವಂತೆ ಹೊಲಿಯಬೇಕು. ಹೊಲಿದ ಗೆರೆಯಲ್ಲಿ ಕಾಗದವನ್ನು ಹಿಂದಕ್ಕೆ ಮಡಿಸಿ, ಹೊರಗೆ ಕಾಣುವ ಹೆಚ್ಚುವರಿ ಬಟ್ಟೆಯನ್ನು ¼ ಇಂಚಿಗೆ ಕತ್ತರಿಸಿ, ಕಾಗದವನ್ನು ಬಿಡಿಸಿ, ಎರಡನೆಯ ತುಂಡನ್ನು ತನ್ನ ಜಾಗದ ಮೇಲಕ್ಕೆ ಮಗುಚಿ ಇಸ್ತ್ರಿ ಒತ್ತಬೇಕು. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಮೂರನೆಯದು, ನಾಲ್ಕನೆಯದು, ಎಲ್ಲವೂ ಇದೇ ಕ್ರಮದ ಪುನರಾವರ್ತನೆ.

ಹೊಸಬರು ಎಡವುವ ಜಾಗ ಒಂದೇ: ಹೊಲಿದು ಮಗುಚಿದ ಮೇಲೆ ತುಂಡು ತನ್ನ ಜಾಗವನ್ನು ಪೂರ್ತಿ ಮುಚ್ಚದೆ ಒಂದು ಮೂಲೆ ಖಾಲಿ ಉಳಿಯುವುದು. ಓರೆ ಗೆರೆಗಳಲ್ಲಿ ಇದು ಹೆಚ್ಚು. ಹೊಲಿಯುವ ಮೊದಲು ಗೆರೆಯ ಉದ್ದಕ್ಕೂ ಗುಂಡುಸೂಜಿ ಹಾಕಿ, ತುಂಡನ್ನು ಮಗುಚಿ, ಬೆಳಕಿಗೆ ಹಿಡಿದು ನೋಡಿದರೆ ತಪ್ಪು ಆಗಲೇ ಕಾಣಿಸುತ್ತದೆ. ಸಣ್ಣ ಹೊಲಿಗೆಗಳನ್ನು ಕಾಗದ ಹರಿಯದಂತೆ ಬಿಚ್ಚುವುದು ಎಷ್ಟು ತಾಳ್ಮೆ ಬೇಡುತ್ತದೆಂದರೆ, ಈ ಅರ್ಧ ನಿಮಿಷದ ಪರೀಕ್ಷೆಯನ್ನು ನಾನು ಇಂದಿಗೂ ಬಿಟ್ಟಿಲ್ಲ.

ಬಟ್ಟೆ ಕಾಗದದ ಹಿಂದೆ ಕೂರುವುದರಿಂದ ಸಿದ್ಧವಾದ ಚಿತ್ರವು ಮುದ್ರಿತ ಚಿತ್ರದ ಕನ್ನಡಿ ಬಿಂಬವಾಗಿರುತ್ತದೆ. ಕಾಗದದಲ್ಲಿ ಬಲಕ್ಕಿದ್ದ ಲೋಟದ ಹಿಡಿ ಬಟ್ಟೆಯಲ್ಲಿ ಎಡಕ್ಕೆ ಬರುತ್ತದೆ, ಅಕ್ಷರಗಳಿದ್ದರೆ ತಿರುಗಿಬಿಡುತ್ತವೆ. ಅದಕ್ಕಾಗಿ ಮೊದಲ ಕೆಲಸಕ್ಕೆ ಎಡಬಲ ಒಂದೇ ಸಮನಾಗಿರುವ ವಸ್ತುವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮನೆಬಳಕೆಯ ವಸ್ತುಗಳು ಈ ವಿಧಾನಕ್ಕೆ ಹೇಳಿ ಮಾಡಿಸಿದಂತಿವೆ. ಈ ವಿಧಾನದಲ್ಲಿ ಹೊಲಿಯಲು ಬರುವುದು ನೇರ ಗೆರೆ ಮಾತ್ರ. ಹೂವು, ಹಕ್ಕಿ, ಮುಖ ಇವುಗಳ ದುಂಡಗಿನ ಅಂಚುಗಳನ್ನು ಹತ್ತಾರು ಚಿಕ್ಕ ನೇರ ಗೆರೆಗಳಾಗಿ ಒಡೆಯಬೇಕಾಗುತ್ತದೆ. ಪುಸ್ತಕ, ದಾರದ ರೀಲು, ಹೂಕುಂಡ, ಕಿಟಕಿ, ಮೇಜುದೀಪ ಇವುಗಳ ಅಂಚುಗಳು ಮೊದಲೇ ಬಹುಪಾಲು ನೇರ. ಅಲ್ಲದೆ ದಿನವೂ ಕಣ್ಣಿಗೆ ಬೀಳುವ ವಸ್ತುಗಳಾದ್ದರಿಂದ ಮೂರು ನಾಲ್ಕು ತುಂಡುಗಳ ಸೂಚನೆ ಸಿಕ್ಕರೂ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು ಇರುವ ಒಂದು ಕೆಂಪು ಮಣ್ಣಿನ ಬಣ್ಣದ ತುಂಡು, ಅದರ ನೆತ್ತಿಗೆ ಒಂದು ಅಡ್ಡಪಟ್ಟಿ. ಅಷ್ಟಕ್ಕೇ ಅದು ಹೂಕುಂಡ.

ಯಾವ ಚಿತ್ರ ಒಂದೇ ಕಾಗದದಲ್ಲಿ ಹೊಲಿಯಲು ಬರುತ್ತದೆ, ಯಾವುದನ್ನು ಭಾಗಗಳಾಗಿ ಒಡೆಯಬೇಕು ಎಂಬುದಕ್ಕೆ ಒಂದು ಸರಳ ನಿಯಮವಿದೆ: ಹೊಸದಾಗಿ ಸೇರುವ ಪ್ರತಿಯೊಂದು ತುಂಡಿನ ಗೆರೆಯು, ಅಲ್ಲಿಯವರೆಗೆ ಹೊಲಿದದ್ದರ ಆ ಬದಿಯ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮುರಿಯದೆ ಆವರಿಸಬೇಕು. ಗೆರೆ ನಡುವೆ ಎಲ್ಲಿಯಾದರೂ ಮೂಲೆ ತಿರುಗಿದರೆ ಆ ಚಿತ್ರ ಒಂದೇ ಭಾಗದಲ್ಲಿ ಆಗುವುದಿಲ್ಲ. ಆಗ ಅದನ್ನು ಎ, ಬಿ, ಸಿ ಎಂಬ ಭಾಗಗಳಾಗಿ ಕತ್ತರಿಸಿ, ಪ್ರತ್ಯೇಕವಾಗಿ ಹೊಲಿದು, ಕೊನೆಗೆ ಕೂಡಿಸಬೇಕು. ತುಂಡುಗಳ ಮೇಲಿನ ಅಂಕಿಗಳ ಅರ್ಥವೂ ಇದೇ. ಅವು ತುಂಡಿನ ಹೆಸರಲ್ಲ, ಹೊಲಿಯುವ ಸರದಿ. ಎಷ್ಟೋ ಚಿತ್ರಗಳಲ್ಲಿ 3ಕ್ಕಿಂತ ಮೊದಲು 4ನ್ನು ಹೊಲಿದರೆ 3ಕ್ಕೆ ಸೇರಲು ದಾರಿಯೇ ಉಳಿಯುವುದಿಲ್ಲ.

ಮೇಜುದೀಪವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಿದ್ಧವಾದಾಗ 8 ಇಂಚಿನ ಚೌಕವಾಗುವ ಬ್ಲಾಕ್ (ಒಂದು ಚಿತ್ರವಿರುವ, ಕ್ವಿಲ್ಟ್‌ನ ಒಂದು ಬಿಡಿ ಘಟಕ) ಎಂದಿಟ್ಟುಕೊಂಡರೆ, ಸುತ್ತಲಿನ ಹೊಲಿಗೆಯ ಅಂಚು ಸೇರಿ ಅದು 8½ ಇಂಚು ಇರಬೇಕು. ಇದರಲ್ಲಿ ಮೂರು ಭಾಗಗಳು. ಮೇಲಿನ ಎ ಭಾಗ ದೀಪದ ಮುಸುಕು: ಎತ್ತರ 3½ ಇಂಚು, ಮುಸುಕಿನ ಅಗಲ ಮೇಲೆ 3 ಇಂಚು, ಕೆಳಗೆ 6 ಇಂಚು. ಮುಸುಕೇ 1ನೆಯ ತುಂಡು. ಎಡಬಲದ ಹಿನ್ನೆಲೆ 2 ಮತ್ತು 3. ನಡುವಿನ ಬಿ ಭಾಗ ದೀಪದ ಕಂಬ: ಎತ್ತರ 3½ ಇಂಚು, ಕಂಬದ ಅಗಲ ½ ಇಂಚು, ಎರಡೂ ಬದಿಗೆ 3¾ ಇಂಚಿನ ಹಿನ್ನೆಲೆ. ಕೆಳಗಿನ ಸಿ ಭಾಗ ಪೀಠ: ಎತ್ತರ 1 ಇಂಚು, ಅಗಲ ಮೇಲೆ 2 ಇಂಚು, ಕೆಳಗೆ 3 ಇಂಚು. ಒಟ್ಟು ಒಂಬತ್ತು ತುಂಡು, ಆರು ಹೊಲಿಗೆ, ಭಾಗಗಳನ್ನು ಕೂಡಿಸಲು ಇನ್ನೆರಡು. ½ ಇಂಚಿನ ಕಂಬವನ್ನು ಸಾಮಾನ್ಯ ಜೋಡಣೆಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಅಗಲಕ್ಕೆ ತರುವುದು ನುರಿತವರಿಗೂ ಎಚ್ಚರದ ಕೆಲಸ. ಇಲ್ಲಿ ಎರಡು ಗೆರೆಗಳ ಮೇಲೆ ಹೊಲಿದರೆ ಆಯಿತು. ಮುಸುಕಿನ ಪಕ್ಕದ ಓರೆ ಹಿನ್ನೆಲೆಗೆ 5½ ಇಂಚು ಉದ್ದ, 3½ ಇಂಚು ಅಗಲದ ತುಂಡುಗಳನ್ನು ಧಾರಾಳವಾಗಿ ಕತ್ತರಿಸಿಕೊಂಡು, ಉದ್ದದ ಅಂಚನ್ನು ಓರೆ ಗೆರೆಗೆ ಹೊಂದಿಸಿದರೆ ಮೂಲೆಗಳು ಖಾಲಿ ಬೀಳುವುದಿಲ್ಲ. ಬಟ್ಟೆ ಸ್ವಲ್ಪ ವ್ಯರ್ಥವಾಗುತ್ತದೆ ಎಂಬುದು ನಿಜ. ಈ ವಿಧಾನದ ಬಗ್ಗೆ ಒಪ್ಪಿಕೊಳ್ಳಲೇಬೇಕಾದ ಕೊರತೆ ಅದು.

ಲೋಟವನ್ನು ಎರಡನೆಯ ಪಾಠವಾಗಿ ಇಟ್ಟುಕೊಳ್ಳಬಹುದು. ಲೋಟದ ಮೈ ಸುಲಭ: ಒಂದು ಆಯತ, ಅದರ ಕೆಳಗಿನ ಎರಡು ಮೂಲೆಗಳನ್ನು ಹಿನ್ನೆಲೆಯ ತ್ರಿಕೋನಗಳಿಂದ ಸವರಿದರೆ ದುಂಡಗಿನ ಭಾವ ಬರುತ್ತದೆ. ಹಿಡಿ ಮಾತ್ರ ಯೋಚನೆಗೆ ಹಚ್ಚುತ್ತದೆ, ಏಕೆಂದರೆ ಅದರ ನಡುವೆ ಹಿನ್ನೆಲೆ ಕಾಣಬೇಕು. ಹಾಗಾಗಿ ಹಿಡಿಯೊಳಗಿನ ಆ ಚಿಕ್ಕ ಖಾಲಿ ಚೌಕವನ್ನೇ 1 ಎಂದು ಇಟ್ಟು, ಹೊರಬದಿಯ ಪಟ್ಟಿಯನ್ನು 2, ಮೇಲಿನದನ್ನು 3, ಕೆಳಗಿನದನ್ನು 4 ಎಂದು ಸುತ್ತುತ್ತ ಹೋಗಿ, ಬಳಿಕ ಮೇಲೆ, ಕೆಳಗೆ, ಹೊರಬದಿಗೆ ಹಿನ್ನೆಲೆಯನ್ನು ಸೇರಿಸಿ, ಇಡೀ ಭಾಗವನ್ನು ಲೋಟದ ಮೈಗೆ ಹೊಲಿಯಬೇಕು. ಇಲ್ಲದಿರುವ ಜಾಗದಿಂದ ಚಿತ್ರವನ್ನು ಶುರುಮಾಡುವ ಈ ಬಗೆಯನ್ನು ಒಮ್ಮೆ ಗ್ರಹಿಸಿದವರಿಗೆ ಕುರ್ಚಿಯ ಕಾಲುಗಳ ನಡುವಿನ ಖಾಲಿ, ಕಿಟಕಿಯ ಚೌಕಟ್ಟು ಎಲ್ಲವೂ ಬಿಡಿಸಿಕೊಳ್ಳುತ್ತವೆ.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾದಾ ಮುದ್ರಣದ ಕಾಗದ ನಡೆಯುತ್ತದೆ, ಅದಕ್ಕಿಂತ ತೆಳುವಾದದ್ದಾದರೆ ಹರಿಯಲು ಸುಲಭ. ಮುದ್ರಿಸುವಾಗ ಅಳತೆಯನ್ನು ನೂರಕ್ಕೆ ನೂರು ಎಂದಿಟ್ಟು, ನಕ್ಷೆಯಲ್ಲಿ ಕೊಟ್ಟಿರುವ 1 ಇಂಚಿನ ಪರೀಕ್ಷಾ ಚೌಕವನ್ನು ಅಳತೆಪಟ್ಟಿಯಿಂದ ಅಳೆದು ನೋಡಲೇಬೇಕು. ಪುಟಕ್ಕೆ ಹೊಂದಿಸುವ ಆಯ್ಕೆ ತಾನಾಗಿ ಚಾಲೂ ಆಗಿದ್ದರೆ ಇಡೀ ಬ್ಲಾಕ್ ಕುಗ್ಗಿಬಿಡುತ್ತದೆ. ಸಾಮಾನ್ಯವಾಗಿ 2.5 ಮಿಲಿಮೀಟರ್ ಇರುವ ಸ್ಟಿಚ್ ಉದ್ದವನ್ನು 1.5 ಮಿಲಿಮೀಟರ್‌ಗೆ ಇಳಿಸಿ, 90/14 ಸಂಖ್ಯೆಯ ತುಸು ದಪ್ಪ ಸೂಜಿ ಹಾಕಿದರೆ ಕಾಗದದಲ್ಲಿ ಒತ್ತೊತ್ತಾಗಿ ರಂಧ್ರ ಬಿದ್ದು, ಅಂಚೆಚೀಟಿಯ ಅಂಚಿನಂತೆ ಸಲೀಸಾಗಿ ಹರಿಯುತ್ತದೆ. ಸಣ್ಣ ಹೊಲಿಗೆ ಕಾಗದ ಎಳೆಯುವಾಗ ಬಿಚ್ಚಿಕೊಳ್ಳುವುದೂ ಇಲ್ಲ. ಕಾಗದವನ್ನು ಹೊಲಿದ ಸೂಜಿ ಬೇಗ ಮೊಂಡಾಗುತ್ತದೆ, ಅದನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಬಾರದು. ಇಸ್ತ್ರಿಯಲ್ಲಿ ಹಬೆ ಬೇಡ. ತೇವಕ್ಕೆ ಕಾಗದ ಸುರುಳಿಯಾಗುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ಬಣ್ಣಕ್ಕಿಂತ ಮುಖ್ಯವಾದದ್ದು ತಿಳಿ-ಗಾಢಗಳ ಅಂತರ. ವಸ್ತುವೂ ಹಿನ್ನೆಲೆಯೂ ಒಂದೇ ಗಾಢತೆಯಲ್ಲಿದ್ದರೆ ಎಷ್ಟು ಚೆಂದವಾಗಿ ಹೊಲಿದರೂ ದೀಪ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಗೆರೆಗೆರೆಯ ಬಟ್ಟೆಗಳನ್ನೂ, ಮೇಲೆ-ಕೆಳಗೆ ಇರುವ ಅಚ್ಚಿನ ಬಟ್ಟೆಗಳನ್ನೂ ಮೊದಲಿಗೆ ದೂರವಿಡುವುದು ಲೇಸು, ಏಕೆಂದರೆ ಓರೆಯಾಗಿ ಮಗುಚಿದಾಗ ಅವುಗಳ ದಿಕ್ಕು ಎಣಿಸದ ಕಡೆ ತಿರುಗುತ್ತದೆ. ತಿಳಿಬಣ್ಣದ ತುಂಡಿನ ಹಿಂದೆ ಗಾಢ ಬಣ್ಣದ ಅಂಚು ಉಳಿದರೆ ಎದುರಿನಿಂದ ನೆರಳಿನಂತೆ ಕಾಣುವುದರಿಂದ, ಆ ಗಾಢ ಅಂಚನ್ನು ತಿಳಿಬಣ್ಣದ ಅಂಚಿಗಿಂತ ಕೂದಲೆಳೆಯಷ್ಟು ಕಿರಿದಾಗುವಂತೆ ಕತ್ತರಿಸಬೇಕು.

ಇಂತಹ 9 ಬ್ಲಾಕ್‌ಗಳನ್ನು ಮೂರು ಸಾಲಾಗಿ, ನಡುವೆಯೂ ಸುತ್ತಲೂ 2 ಇಂಚಿನ ಪಟ್ಟಿ ಕೊಟ್ಟು ಕೂಡಿಸಿದರೆ 32 ಇಂಚಿನ ಚೌಕ ಬರುತ್ತದೆ. ಗೋಡೆಗೆ ತೂಗುಹಾಕಲು ಅಥವಾ ಮಗುವಿಗೆ ಹೊದಿಸಲು ಅಷ್ಟು ಸಾಕು. ಆದರೆ ಇದಿನ್ನೂ ಕ್ವಿಲ್ಟ್‌ನ ಮೇಲುಹೊದಿಕೆ ಮಾತ್ರ. ಅದರಡಿ ಹತ್ತಿಯ ಪದರ, ಅದರಡಿ ಅಸ್ತರಿನ ಬಟ್ಟೆ ಹಾಸಿ, ಮೂರನ್ನೂ ಸೇರಿಸಿ ಹೊಲಿಗೆ ಓಡಿಸಿ, ಅಂಚಿಗೆ ಪಟ್ಟಿ ಕಟ್ಟಿದಾಗಲೇ ಅದನ್ನು ಕ್ವಿಲ್ಟ್ ಎನ್ನುವುದು.

ತಳಕಾಗದವನ್ನು ಯಾವಾಗ ತೆಗೆಯಬೇಕು ಎಂಬುದರಲ್ಲಿ ಅವಸರ ಮಾಡುವವರೇ ಹೆಚ್ಚು. ತುಂಡುಗಳು ಓರೆಯಾಗಿ ಕೂತಿರುವುದರಿಂದ ಬ್ಲಾಕಿನ ಹೊರಅಂಚಿನಲ್ಲಿ ಬಟ್ಟೆಯ ಎಳೆ ಅಡ್ಡಾದಿಡ್ಡಿಯಾಗಿ ಬಂದಿರುತ್ತದೆ. ಓರೆ ಎಳೆಯ ಅಂಚು ಕೈತಾಗಿದರೆ ಸಾಕು, ಹಿಗ್ಗುತ್ತದೆ. ಕಾಗದ ಇರುವಷ್ಟು ಹೊತ್ತು ಅದು ಹಿಗ್ಗಲಾರದು. ಆದ್ದರಿಂದ ಬ್ಲಾಕಿನ ನಾಲ್ಕೂ ಬದಿಗೆ ನೇರ ಎಳೆಯ ಪಟ್ಟಿಗಳೋ ಪಕ್ಕದ ಬ್ಲಾಕ್‌ಗಳೋ ಹೊಲಿದು ಸೇರಿದ ಮೇಲೆ, ಆದರೆ ಹತ್ತಿಯ ಪದರವನ್ನು ಹಾಸುವ ಮೊದಲು, ಕಾಗದವನ್ನು ತೆಗೆಯಬೇಕು. ಕೊನೆಯದಾಗಿ ಹೊಲಿದ ಅಂಕಿಯಿಂದ ಹಿಂದಕ್ಕೆ ಬರುತ್ತ, ಪ್ರತಿ ಗೆರೆಯಲ್ಲೂ ಕಾಗದವನ್ನು ಒಮ್ಮೆ ಮಡಿಸಿ, ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮೆಲ್ಲನೆ ಎಳೆದರೆ ಅದು ಪಟ್ಟಿಪಟ್ಟಿಯಾಗಿ ಬಿಡಿಸಿಕೊಂಡು ಬರುತ್ತದೆ. ಲೋಟದ ಹಿಡಿಯೊಳಗಿನ ಚೌಕದಂತಹ ಇಕ್ಕಟ್ಟಿನ ಮೂಲೆಗಳಲ್ಲಿ ಉಳಿದ ಚೂರುಗಳಿಗೆ ಚಿಮುಟ ಬೇಕಾಗುತ್ತದೆ.