ಕಲ್ಲಿನ ರುಚಿ ವೈನಿಗೆ ಇಳಿಯುತ್ತಾ?

ಓದುಗರ ಪ್ರಶ್ನೆ: ಕೆಲವು ಕೆಂಪು ವೈನ್ ಬಾಟಲಿಗಳ ಮೇಲೆ "ಒಂದೇ ತೋಟದ ದ್ರಾಕ್ಷಿ" ಎಂದು ಬರೆದಿರುತ್ತದೆ. ಹಿಂಬದಿಯಲ್ಲಿ ಸುಣ್ಣದಕಲ್ಲು, ಜಲ್ಲಿ, ಜೇಡಿಮಣ್ಣು ಅಂತ ದೊಡ್ಡ ವರ್ಣನೆ. ಮಣ್ಣಿನ ರುಚಿ ನಿಜವಾಗಲೂ ವೈನಿಗೆ ಬರುತ್ತಾ? ಅಥವಾ ಸುಮ್ನೆ ಮಾರಾಟದ ಮಾತಾ?

ಮಣ್ಣಿನ ರುಚಿ ಬರುವುದಿಲ್ಲ. ಆದರೆ ಮಣ್ಣು ಬದಲಾದರೆ ವೈನ್ ಬದಲಾಗುತ್ತದೆ. ಈ ಎರಡು ಮಾತು ಒಂದಕ್ಕೊಂದು ಎದುರು ಅನ್ನಿಸಬಹುದು. ನಡುವೆ ನೀರನ್ನು ಇಟ್ಟು ನೋಡಿದರೆ ಗಂಟು ಬಿಡುತ್ತದೆ.

ಮೊದಲು ಕಲ್ಲಿನ ವಿಚಾರ ಮುಗಿಸಿಬಿಡೋಣ. ಒಂದು ಬೆಣಚುಕಲ್ಲನ್ನು ಚೆನ್ನಾಗಿ ತೊಳೆದು ನಾಲಿಗೆಗೆ ತಾಗಿಸಿ. ತಣ್ಣಗೆ ಇರುತ್ತದೆ, ಅಷ್ಟೇ. ರುಚಿ ಏನೂ ಇಲ್ಲ. ಬಳ್ಳಿಯ ಬೇರು ಕಲ್ಲನ್ನು ತಿನ್ನುವುದೂ ಇಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವನ್ನು ಮಾತ್ರ ಎಳೆದುಕೊಳ್ಳುತ್ತದೆ. ಇದು ಸುಣ್ಣದಕಲ್ಲಿನ ನೆಲದ್ದು, ಇದು ಜಲ್ಲಿಯದ್ದು ಎಂದು ಹೇಳುವಂಥ ರುಚಿಯನ್ನು ಅವು ಹೊತ್ತು ತರುವುದಿಲ್ಲ. ಪೊಟ್ಯಾಸಿಯಂನದು ಮಾತ್ರ ಸ್ವಲ್ಪ ಬೇರೆ ಲೆಕ್ಕ. ಅದು ಜಾಸ್ತಿಯಾದರೆ ರಸದ ಹುಳಿ ತಗ್ಗುತ್ತದೆ. ಹುಳಿ ತಗ್ಗಿದರೆ ವೈನಿನ ಕೆಂಪು ಮಂಕಾಗಿ ನೀಲಿಯ ಕಡೆಗೆ ವಾಲುತ್ತದೆ. ದಾಸವಾಳದ ನೀರಿಗೆ ನಿಂಬೆ ಹಿಂಡಿದರೆ ಕೆಂಪು ಏರುತ್ತದಲ್ವಾ, ಅದರ ಉಲ್ಟಾ.

ಈಗ ನೀರಿಗೆ ಬರೋಣ. ಬೋರ್ಡೋ ದ್ರಾವಣದ ಹೆಸರು ಕೇಳಿದ್ದೀರಲ್ಲ, ಅದೇ ಫ್ರಾನ್ಸಿನ ಬೋರ್ಡೋ. ಅಲ್ಲಿಯ ಸಂಶೋಧಕ ಜೆರಾರ್ ಸೆಗ್ಯಾಂ ಒಳ್ಳೆಯ ತೋಟಗಳ ಮಣ್ಣನ್ನು ವರ್ಷಗಟ್ಟಲೆ ಅಗೆದು ನೋಡಿದರು. ಒಳ್ಳೆಯ ವೈನಿಗೆ ಇಂಥದ್ದೇ ಮಣ್ಣು ಬೇಕು, ಇಂಥ ಲವಣವೇ ಇರಬೇಕು ಎನ್ನುವ ಸೂತ್ರ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ನೀರಿನ ನಡತೆ. ಮಳೆ ಬಂದರೆ ನಿಲ್ಲದೆ ಬಸಿದು ಹೋಗಬೇಕು. ಬಿಸಿಲು ಏರಿದಾಗ ಬೇರಿಗೆ ಸ್ವಲ್ಪ ಸ್ವಲ್ಪವೇ ಸಿಗುತ್ತಿರಬೇಕು.

ಇದು ಕೆಂಪು ವೈನಿಗೆ ಯಾಕೆ ಅಷ್ಟು ಮುಖ್ಯ? ಒಂದು ಕಪ್ಪು ದ್ರಾಕ್ಷಿ ತೆಗೆದುಕೊಂಡು ಸಿಪ್ಪೆ ಸುಲಿದು ಹಿಂಡಿ. ಬಹುತೇಕ ತಳಿಗಳಲ್ಲಿ ಬೆರಳ ಮೇಲೆ ಇಳಿಯುವ ರಸಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವೆಲ್ಲ ಸಿಪ್ಪೆಯಲ್ಲಿ, ಒಗರು ಸಿಪ್ಪೆ ಮತ್ತು ಬೀಜದಲ್ಲಿ. ಅದಕ್ಕೇ ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ. ಕಾಯಿ ಹಸಿರಾಗಿದ್ದಾಗ ಬಳ್ಳಿಗೆ ನೀರು ಸ್ವಲ್ಪ ಕಡಿಮೆಯಾದರೆ ಹಣ್ಣು ಚಿಕ್ಕದಾಗಿಯೇ ಉಳಿಯುತ್ತದೆ. ಚಿಕ್ಕ ಹಣ್ಣೆಂದರೆ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ಬಣ್ಣ ದಟ್ಟ, ಒಗರು ಗಟ್ಟಿ. ಜೊತೆಗೆ ಕುಡಿ ಬೆಳೆಯುವುದು ನಿಂತು, ಬಳ್ಳಿಯ ಗಮನ ಹಣ್ಣಿನ ಕಡೆ ತಿರುಗುತ್ತದೆ. ನೀರು ಧಾರಾಳವಾಗಿದ್ದರೆ ಬಳ್ಳಿ ಎಲೆ ಬಿಡುತ್ತಲೇ ಹೋಗುತ್ತದೆ, ಗೊಂಚಲು ನೆರಳಿಗೆ ಬೀಳುತ್ತದೆ. ಕ್ಯಾಬರ್ನೆ ಸಾವಿನ್ಯೋನ್ ತಳಿಯಲ್ಲಿ ಆ ನೆರಳು ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆಯಾಗಿ ಮೂಗಿಗೆ ಬರುತ್ತದೆ. ಹಾಗಂತ ಬಳ್ಳಿಯನ್ನು ಪೂರ್ತಿ ಒಣಗಿಸಿದರೂ ಕೆಲಸ ಕೆಟ್ಟಿತು. ಎಲೆ ಕೆಲಸ ನಿಲ್ಲಿಸುತ್ತದೆ, ಹಣ್ಣು ಮಾಗುವುದೇ ಇಲ್ಲ. ಎಲ್ಲವೂ ಹದದಲ್ಲಿದೆ.

ಒಂದೇ ತೋಟದೊಳಗೆ ಈ ಹದ ಎಷ್ಟು ಬದಲಾಗಬಹುದು ಎನ್ನುವುದಕ್ಕೆ ನನಗೆ ಥಟ್ಟನೆ ನೆನಪಾಗುವುದು ಫ್ರಾನ್ಸಿನದೇ ಇನ್ನೊಂದು ವೈನ್ ಸೀಮೆ ಬರ್ಗಂಡಿಯ ಕ್ಲೋ ದ ವೂಜೊ ತೋಟ. ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 50 ಹೆಕ್ಟೇರ್. 12ನೇ ಶತಮಾನದಿಂದ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಬೆಳೆಸಿಕೊಂಡು ಬಂದ ತೋಟ. ತಳಿ ಪಿನೋ ನ್ವಾರ್. ಕಾನೂನಿನ ಕಣ್ಣಿಗೆ ಗೋಡೆಯೊಳಗಿನ ಇಡೀ ನೆಲ ಒಂದೇ ದರ್ಜೆ, ಗ್ರಾಂ ಕ್ರೂ, ಅಂದರೆ ಅಲ್ಲಿಯ ಅತಿ ಮೇಲಿನ ದರ್ಜೆ. ಆದರೆ ಹಳೆಯ ಕಟ್ಟಡವಿರುವ ಮೇಲಿನ ಭಾಗದಲ್ಲಿ ಮಣ್ಣು ತೆಳು, ಕೆಳಗೆ ಸುಣ್ಣದಕಲ್ಲು. ಮಳೆ ಬಿದ್ದ ನೀರು ಬೇಗ ಬಸಿಯುತ್ತದೆ. ಇಳಿಜಾರಿನಲ್ಲಿ ಕೆಳಗೆ ಬರುತ್ತಾ ಮಣ್ಣು ದಪ್ಪವಾಗುತ್ತದೆ. ಹೆದ್ದಾರಿ ಪಕ್ಕದ ತುದಿಯಲ್ಲಿ ಆಳವಾದ ಜೇಡಿ, ಮಳೆಗಾಲವಾದರೆ ಬೇರು ಒದ್ದೆಯಲ್ಲೇ ನಿಲ್ಲುತ್ತದೆ. ಇಳಿಜಾರು ಹೇಳಿಕೊಳ್ಳುವಷ್ಟು ಕಡಿದೂ ಅಲ್ಲ. ಆದರೂ ರಾತ್ರಿಯ ತಣ್ಣನೆ ಗಾಳಿ ನೀರಿನ ಹಾಗೆಯೇ ತಗ್ಗಿಗೆ ಹರಿಯುತ್ತದೆ. ಸಾಮಾನ್ಯವಾಗಿ ಮೇಲ್ಭಾಗದ ವೈನಿಗೆ ಪರಿಮಳ, ನಯ ಜಾಸ್ತಿ. ಕೆಳಭಾಗದ್ದು ಒರಟು, ಮಳೆ ಹೆಚ್ಚಾದ ವರ್ಷ ಸಪ್ಪೆ. ಗೋಡೆ ಒಂದೇ ಅಂದ ಮಾತ್ರಕ್ಕೆ ತೋಟ ಒಂದೇ ಅಂತ ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಜೇಡಿಮಣ್ಣು ಕೆಟ್ಟದ್ದಾ? ಅಲ್ಲ. ಬೋರ್ಡೋ ಸೀಮೆಯ ಪೊಮೆರೋಲಿನಲ್ಲಿರುವ ಪೆಟ್ರ್ಯೂಸ್ ತೋಟ ನೋಡಿ. ಸುಮಾರು 11 ಹೆಕ್ಟೇರಿನ ಜಾಗ, ಮೆರ್ಲೋ ತಳಿ, ನೆಲವೋ ನೀಲಿ ಜೇಡಿ. ಹಸಿಯಾದರೆ ಉಬ್ಬುವ, ಒಣಗಿದರೆ ಬಿರಿಯುವ, ನಮ್ಮ ಭಾಷೆಯಲ್ಲಿ ಎರೆ ಅನ್ನುವ ಜಾತಿ. ಉಬ್ಬಿದ ಜೇಡಿ ಎಷ್ಟು ಬಿಗಿಯಾಗುತ್ತದೆ ಅಂದರೆ ಬೇರು ಆಳಕ್ಕೆ ಇಳಿಯಲಾರದು, ಹೊಸ ಮಳೆ ಮೇಲಿನಿಂದಲೇ ಜಾರಿ ಹೋಗುತ್ತದೆ. ಒಳಗೆ ಹಿಡಿದಿಟ್ಟ ನೀರನ್ನು ಬೇಸಿಗೆಯಲ್ಲಿ ಜಿಪುಣನ ಹಾಗೆ ಬಿಡುತ್ತದೆ. ನೀರು ಬೇಗ ಬಸಿದು ಹೋಗುವ ಜಲ್ಲಿಗೆ ಪೂರ್ತಿ ಎದುರು ಜಾತಿಯ ಮಣ್ಣು. ಬಳ್ಳಿಯ ಬಾಯಾರಿಕೆ ಮಾತ್ರ ಹೆಚ್ಚುಕಮ್ಮಿ ಅದೇ ಹದಕ್ಕೆ ಬಂದು ನಿಲ್ಲುತ್ತದೆ.

ಮಣ್ಣು ಬಿಟ್ಟು ಸುತ್ತಲಿನ ಜಾಗಕ್ಕೆ ಬಂದರೆ ಇನ್ನೂ ಮಜಾ ಇದೆ. ಆಸ್ಟ್ರೇಲಿಯಾದ ಕೆಲವು ಕೆಂಪು ವೈನುಗಳಲ್ಲಿ ನೀಲಗಿರಿ ಎಣ್ಣೆಯ ವಾಸನೆ ಬರುತ್ತದೆ. ಬಹಳ ಕಾಲ ಇದನ್ನೂ ಮಣ್ಣಿನ ಗುಣ ಅಂದವರಿದ್ದರು. ಅಳೆದು ನೋಡಿದರೆ ನೀಲಗಿರಿ ಮರಗಳಿಗೆ ಹತ್ತಿರದ ಸಾಲುಗಳಲ್ಲೇ ಅದು ಜಾಸ್ತಿ. ದೂರ ಹೋದ ಹಾಗೆ ಕಡಿಮೆ. ಎಣ್ಣೆ ಗಾಳಿಯಲ್ಲಿ ಬಂದು ಸಿಪ್ಪೆಯ ಮೇಲೆ ಕೂರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಕೊಯ್ಲಿನ ಹೊತ್ತಿಗೆ ಗೊಂಚಲುಗಳ ನಡುವೆ ಸಿಕ್ಕಿಕೊಂಡ ಮರದ ಎಲೆ, ತೊಗಟೆ ಚೂರು. ಸಿಪ್ಪೆಯ ಜೊತೆ ಅವೂ ತೊಟ್ಟಿಯಲ್ಲಿ ನೆನೆಯುತ್ತವೆ.

ಕಾಳುಮೆಣಸಿನ ಕಥೆ ಇನ್ನೊಂದು ಥರ. ಶಿರಾಜ್ ಎಂಬ ಕಪ್ಪು ದ್ರಾಕ್ಷಿ ತಳಿಯ ವೈನಿನ ಮೆಣಸಿನ ಘಮಕ್ಕೆ ರೊಟಂಡೋನ್ ಎನ್ನುವ ವಸ್ತು ಕಾರಣ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತಿಳಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ. ಆಮೇಲೆ ವಿಕ್ಟೋರಿಯಾದ ಮೌಂಟ್ ಲಾಂಗಿ ಗಿರಾನ್ ತೋಟದ ಒಂದೇ ತುಂಡಿನಲ್ಲಿ ಜಾಗ ಜಾಗದ ಹಣ್ಣು ಕಿತ್ತು ಅಳೆದರು. ಒಂದೇ ತಳಿ, ಒಂದೇ ಆರೈಕೆ. ಆದರೂ ಮೆಣಸಿನ ಅಂಶ ಎಲ್ಲ ಕಡೆ ಸಮ ಇರಲಿಲ್ಲ. ಬಿಸಿಲು ಕಡಿಮೆ ಬೀಳುವ ದಕ್ಷಿಣ ಮುಖದ ತಂಪು ಇಳಿಜಾರಿನಲ್ಲಿ ಹೆಚ್ಚಿತ್ತು. ಅಂದಹಾಗೆ, ಸುಮಾರು ಐದರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಪಕ್ಕದವರು "ಆಹಾ, ಮೆಣಸು" ಅಂದಾಗ ನಿಮಗೆ ಏನೂ ಸಿಗದಿದ್ದರೆ ನಾಚಿಕೊಳ್ಳಬೇಡಿ.

ಇಷ್ಟಾದರೂ ಒಂದು ತೊಡಕಿದೆ. ಫ್ರಾನ್ಸಿನ ಕ್ರಾಂತಿಯ ನಂತರ ಕ್ಲೋ ದ ವೂಜೊ ಸನ್ಯಾಸಿಗಳ ಕೈ ತಪ್ಪಿತು. ಈಗ ಅದಕ್ಕೆ ಸುಮಾರು 80 ಜನ ಒಡೆಯರು. ಒಬ್ಬರು ಬೇಗ ಕೊಯ್ಯುತ್ತಾರೆ, ಒಬ್ಬರು ತಡವಾಗಿ. ಒಬ್ಬರು ಹೊಸ ಓಕ್ ಪೀಪಾಯಿ ಬಳಸುತ್ತಾರೆ, ಇನ್ನೊಬ್ಬರು ಹಳೆಯದು. ಕೆಳಭಾಗದ ಜೇಡಿಯಲ್ಲೇ ಒಳ್ಳೆಯ ವೈನ್ ತೆಗೆಯುವ ಕೈಗಳಿವೆ, ಮೇಲಿನ ತೆಳು ಮಣ್ಣನ್ನು ಹಾಳು ಮಾಡುವ ಕೈಗಳೂ ಇವೆ. ಹೀಗಾಗಿ ಬೇರೆ ಬೇರೆಯವರ ಎರಡು ಬಾಟಲಿ ಪಕ್ಕಪಕ್ಕ ಇಟ್ಟುಕೊಂಡು ಇದು ಮಣ್ಣಿನ ವ್ಯತ್ಯಾಸ ಅನ್ನಲು ಬರುವುದಿಲ್ಲ. ಮಣ್ಣನ್ನೇ ಪರೀಕ್ಷೆ ಮಾಡಬೇಕು ಅಂತಿದ್ದರೆ ಒಬ್ಬರೇ ಮಾಡಿದ, ಒಂದೇ ತಳಿಯ, ಒಂದೇ ವರ್ಷದ, ಅಕ್ಕಪಕ್ಕದ ಎರಡು ತೋಟಗಳ ವೈನ್ ಹುಡುಕಿ. ಬಾಟಲಿ ಯಾವುದೆಂದು ಕಾಣದ ಹಾಗೆ ಬೇರೆಯವರಿಂದ ಲೋಟಕ್ಕೆ ಬಗ್ಗಿಸಿಕೊಳ್ಳಿ. ಮೊದಲು ಬಣ್ಣ ನೋಡಿ, ಆಮೇಲೆ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಒಗರು ಒಸಡಿನ ಯಾವ ಭಾಗವನ್ನು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಮನಿಸಿ.