ಪ್ಯಾನಿಕ್‌ನಲ್ಲಿ ‘ಎಲ್ಲರೂ’ ಇಲ್ಲ

‘ಪ್ಯಾನಿಕ್’ ಪದದ ಮೂಲ ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಗ್ರೀಕಿನಲ್ಲಿ ‘ಪ್ಯಾನ್’ ಅಂದರೆ ಎಲ್ಲ. ಎಲ್ಲರನ್ನೂ ಒಟ್ಟಿಗೆ ಹಿಡಿಯುವ ಭಯವೇ ಪ್ಯಾನಿಕ್, ಅಲ್ವಾ ಸಾರ್? ಅಲ್ಲ. ಪ್ಯಾನ್ ಇಂಡಿಯಾ ಸಿನಿಮಾಗಳ ಕಾಲದಲ್ಲಿ ಈ ‘ಅಲ್ಲ’ವನ್ನು ಒಪ್ಪಿಸುವುದು ಇನ್ನೂ ಕಷ್ಟವಾಗಿದೆ.

ಪ್ಯಾನ್ ಇಂಡಿಯಾದಲ್ಲಿರುವುದು ‘ಎಲ್ಲ’ ಎಂಬ ಪ್ಯಾನೇ, ತಕರಾರಿಲ್ಲ. ಆದರೆ ಅದು ಇನ್ನೊಂದು ಪದದ ಮುಂದೆ ನಿಲ್ಲುವಂಥದ್ದು. ಪ್ಯಾಂಡೆಮಿಕ್‌ನಿಂದ ಅದನ್ನು ಕಿತ್ತರೆ ‘ಡೆಮೊಸ್’, ಅಂದರೆ ಜನ, ಉಳಿಯುತ್ತದೆ. ಪ್ಯಾನಿಕ್‌ನಿಂದ ಕಿತ್ತು ನೋಡಿ: ಉಳಿಯುವುದು ಬರೀ ‘ಇಕ್’. ಅದು ಗ್ರೀಕಿನ ‘ಇಕೊಸ್’ ಪ್ರತ್ಯಯ. ವೇದ–ವೈದಿಕ, ಲೋಕ–ಲೌಕಿಕದಲ್ಲಿ ‘ಇಕ’ ಮಾಡುವ ಕೆಲಸವನ್ನೇ ಮಾಡುತ್ತದೆ. ‘ಎಲ್ಲ’ಕ್ಕೆ ಪ್ರತ್ಯಯ ಹತ್ತಿದ್ದರೆ ಅದರ ಪೂರ್ಣ ಪ್ರಕೃತಿಯಾದ ‘ಪಂತ್’ ಹೊರಗೆ ಕಾಣಬೇಕಿತ್ತು. ‘ತ’ಕಾರ ಎಲ್ಲಿದೆ?

ಹಾಗಾಗಿ ‘ಪಾನಿಕೊಸ್’ ಎಂದರೆ ಪಾನ್‌ಗೆ ಸೇರಿದ್ದು. ಪಾನ್ ಗ್ರೀಸಿನ ಅರ್ಕಾಡಿಯಾ ಬೆಟ್ಟಸೀಮೆಯ ದೇವರು, ಮೇಕೆಯ ಕಾಲು, ಕೊಂಬು, ಕುರಿಗಾಹಿಗಳ ರಕ್ಷಕ. ಹೆಸರಿನ ಹಿಂದೆ ‘ಕಾಯು, ಮೇಯಿಸು’ ಎಂಬ ಧಾತು ಇದೆಯೆಂದು ಅನೇಕ ವಿದ್ವಾಂಸರ ಊಹೆ. ದನಕರು ಕಾಯುವ ವೇದದ ದೇವತೆ ಪೂಷನ್ ಇವನ ನಂಟನೆಂಬ ವಾದವೂ ಉಂಟು, ನಾನು ಅಷ್ಟು ದೂರ ಹೋಗಲಾರೆ. ಕೇಳುವವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ ಅನ್ನಿ. ಪಾನ್‌ನನ್ನು ‘ಎಲ್ಲ’ಕ್ಕೆ ಗಂಟುಹಾಕಿದವರಲ್ಲಿ ಪ್ಲೇಟೊ ಕೂಡ ಇದ್ದಾನೆ.

ಅರ್ಥದ ತಿರುಳು ‘ಎಲ್ಲರಿಗೂ’ ಎಂಬುದರಲ್ಲಿಲ್ಲ, ‘ಕಾರಣವಿಲ್ಲದೆ’ ಎಂಬುದರಲ್ಲಿದೆ. ಗ್ರೀಕರಿಗೆ ಇದು ಮುಖ್ಯವಾಗಿ ಸೈನ್ಯದ ಕಾಯಿಲೆ. ಕ್ರಿ.ಪೂ. 279ರಲ್ಲಿ ಗ್ರೀಸಿನ ಪುಣ್ಯಕ್ಷೇತ್ರ ಡೆಲ್ಫಿಯಿಂದ ಹಿಮ್ಮೆಟ್ಟಿದ ಗಾಲ್ ಜನರ ಪಡೆ ರಾತ್ರಿ ಇಲ್ಲದ ಕುದುರೆ ಸದ್ದು ಕೇಳಿ ತನ್ನವರನ್ನೇ ಕೊಂದುಕೊಂಡಿತೆಂದು ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆಯುತ್ತಾನೆ. ಕಾರಣವಿಲ್ಲದ ದಿಗಿಲು ಪಾನ್‌ನಿಂದ ಬರುತ್ತದೆಂಬ ಮಾತನ್ನೂ ಅಲ್ಲೇ ಸೇರಿಸುತ್ತಾನೆ. ಕ್ರಿ.ಪೂ. 4ನೇ ಶತಮಾನದ ಐನಿಯಾಸ್ ತನ್ನ ಮುತ್ತಿಗೆಯ ಕೈಪಿಡಿಯಲ್ಲಿ ಇಂಥ ದಿಗಿಲಿನ ಹೆಸರು ಅರ್ಕಾಡಿಯಾ ಕಡೆಯದೆಂದು ಹೇಳಿ ಮದ್ದನ್ನೂ ಕೊಡುತ್ತಾನೆ: ಇದ್ದಲ್ಲೇ ಇರಿ, ಎದ್ದು ನಿಂತವನನ್ನು ಶತ್ರುವೆಂದೇ ತಿಳಿಯಲಾಗುವುದು ಎಂದು ಮೊದಲೇ ಸಾರಿಡಬೇಕು. ಕ್ರಿ.ಪೂ. 401ರಲ್ಲಿ ಗ್ರೀಕ್ ಸೇನಾನಾಯಕ ಕ್ಲಿಯಾರ್ಕಸ್ ಹೂಡಿದ ಉಪಾಯ ಇನ್ನೂ ಚೆಂದ. ಶಿಬಿರದಲ್ಲಿ ರಾತ್ರಿ ಗದ್ದಲ ಎದ್ದಾಗ ಡಂಗುರದವನ ಕೈಯಲ್ಲಿ ಸಾರಿಸಿದ: ಆಯುಧಗಳ ನಡುವೆ ಕತ್ತೆ ಬಿಟ್ಟವನು ಯಾರೆಂದು ಹೇಳಿದವರಿಗೆ ಒಂದು ಟ್ಯಾಲೆಂಟ್ (ಗ್ರೀಕರ ದೊಡ್ಡ ತೂಕದ ಅಳತೆ) ಬೆಳ್ಳಿ. ಓ, ಬರೀ ಕತ್ತೆಯಾ ಎಂದು ಸೈನಿಕರು ತಣ್ಣಗಾದರು.

ಈ ‘ಕಾರಣವಿಲ್ಲದೆ’ ಕೈಬಿಟ್ಟರೆ ಅನುವಾದ ಕೆಡುತ್ತದೆ. ಭಯಕ್ಕೆ ಒಂದು ಗುರಿ ಬೇಕು: ಹಾವಿನ ಭಯ ಎನ್ನುತ್ತೇವೆ, ಹಾವಿನ ಗಾಬರಿ ಎನ್ನುವುದಿಲ್ಲ. ಆದ್ದರಿಂದ ಗುಂಪಿನ ಪ್ಯಾನಿಕ್‌ಗೆ ‘ಭಯ’ಕ್ಕಿಂತ ‘ಗಾಬರಿ’ ಹತ್ತಿರ. ಮರಾಠಿಯ ಘಾಬರಣೇ, ಹಿಂದಿಯ ಘಬರಾನಾ ಇದರ ನಂಟರು. ಒಳಗೊಳಗೇ ಕುಟುಕುವುದಾದರೆ ‘ದಿಗಿಲು’. ಇದನ್ನು ‘ದಿಕ್ಕು ಇಲ್ಲ’ ಎಂದು ಒಡೆಯಬೇಡಿ, ತಮಿಳಿನಲ್ಲೂ ‘ತಿಗಿಲ್’ ಇದೆ. ‘ಪ್ಯಾನಿಕ್ ಅಟ್ಯಾಕ್’ ಮಾತ್ರ ವೈದ್ಯರ ಪದ. ಅದನ್ನು ‘ಗಾಬರಿ’ ಎಂದು ಇಳಿಸಿದರೆ ರೋಗಿಯ ಕಷ್ಟ ಹಗುರಾಗಿ ಕೇಳಿಸುತ್ತದೆ, ಹಾಗೇ ಬಿಡುವುದು ವಾಸಿ.